ಬಲಗಿವಿಯ ಅಮ್ಮ

ಕುಂಜತ್ತೂರು
12 ಆಗಸ್ಟ್ 2024

ತಮ್ಮ ಕೃಷ್ಣಕುಮಾರನಿಗೆ,

ಈ ಲಕೋಟೆಯೊಳಗೆ ಒಂದು ಕ್ಯಾಸೆಟ್ ಉಂಟು. ಮೊದಲು ಅದನ್ನು ತೆಗೆದು ಒಣಗಿದ ಜಾಗದಲ್ಲಿ ಇಡು. ಆಮೇಲೆ ಕೈ ಒರೆಸಿಕೊಂಡು ಇದನ್ನು ಓದು. ನಿನ್ನ ಅಭ್ಯಾಸ ನನಗೆ ಗೊತ್ತಿದೆ, ಚಾ ಹಿಡಿದುಕೊಂಡೇ ಓದಲು ಕೂತು ಅದರ ಮೇಲೆ ಚೆಲ್ಲುತ್ತೀಯ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ಮಾತಾಡಿದರೆ ನನಗೆ ಈಗ ಅರ್ಧವೂ ತಿಳಿಯುವುದಿಲ್ಲ. ಎಡಗಿವಿ ಆರನೇ ವರ್ಷದಲ್ಲೇ ಸೋರಿ ಸೋರಿ ಹೋದದ್ದು. ಈಗ ಬಲಗಿವಿಯೂ ಹೊರಟಿದೆ. ಮಂಗಳೂರಿನ ಡಾಕ್ಟ್ರು ಎರಡು ಸಲ ಪರೀಕ್ಷೆ ಮಾಡಿ, "ಇದು ನಿಲ್ಲುವುದಿಲ್ಲ ಅಮ್ಮಾ, ಒಂದು ವರ್ಷವೋ ಎರಡು ವರ್ಷವೋ" ಎಂದು ಚೀಟಿಯಲ್ಲಿ ಬರೆದೇ ತೋರಿಸಿದರು. ಅಂಗನವಾಡಿಯ ಮಕ್ಕಳು ಹಿಂದಿನಿಂದ ಟೀಚರ್ ಟೀಚರ್ ಎಂದು ಕರೆದು ಸಾಕಾಗಿ ಈಗ ಸೀರೆ ಎಳೆಯಲು ಕಲಿತಿದ್ದಾವೆ. ವಾಟ್ಸಾಪಿನಲ್ಲಿ ಬರೆಯಬಹುದಿತ್ತು. ಅದರಲ್ಲಿ ಎರಡು ಸಾಲಿಗೆ ಸಿಟ್ಟು ಮುಗಿದುಹೋಗುತ್ತದೆ. ನನ್ನ ಸಿಟ್ಟು ಅಷ್ಟು ಸಣ್ಣದಲ್ಲ, ಮತ್ತು ಇವತ್ತು ಹೇಳಬೇಕಾದದ್ದೂ ಸಣ್ಣದಲ್ಲ.

ಕ್ಯಾಸೆಟ್ಟಿನ ಮೇಲೆ ಅಪ್ಪನ ಅಕ್ಷರದಲ್ಲಿ "ಮೈಕ್ ಟೆಸ್ಟಿಂಗ್" ಎಂದಿದೆ. ಅದು ಸುಳ್ಳು. ಅದರಲ್ಲಿ ಅಮ್ಮ ಇದ್ದಾಳೆ.

ಹೌದು, ನಮ್ಮ ಅಮ್ಮ. ಸಾವಿರದ ಒಂಬೈನೂರ ಎಂಬತ್ತನಾಲ್ಕರ ದಶಂಬರದಲ್ಲಿ, ಇಲ್ಲಿನ ಭಜನಾ ಮಂದಿರದಲ್ಲಿ, ಶನಿವಾರ ಸಂಜೆಯ ಭಜನೆ. ಅಪ್ಪ ಉಪ್ಪಳದಲ್ಲಿದ್ದ ತನ್ನ ಮೈಕ್ ಸೆಟ್ ಅಂಗಡಿಯಿಂದ ಆ ಗಲ್ಫಿನ ಟೂ-ಇನ್-ವನ್ ಟೇಪ್ ರೆಕಾರ್ಡರ್ ತಂದು ರೆಕಾರ್ಡ್ ಮಾಡಿದ್ದು. ಅಮ್ಮ ಒಂದು ಸಾಲು ಹೇಳುತ್ತಾಳೆ, ಸುತ್ತ ಕೂತ ಹೆಂಗಸರು ಅದನ್ನು ತಿರುಗಿ ಹೇಳುತ್ತಾರೆ. ಅದಾಗಿ ಐದನೇ ತಿಂಗಳಿಗೆ ಕಾಮಾಲೆಯಾಗಿ ಹೋದಳು. ನನಗೆ ಹತ್ತು. ನಿನಗೆ ವರ್ಷ ತುಂಬಿ ಒಂದು ತಿಂಗಳು.

ಈಗ ನೀನು ಕೂಗಾಡುವ ಭಾಗ ಬರುತ್ತದೆ. ಈ ಕ್ಯಾಸೆಟ್ ನನಗೆ ಸಿಕ್ಕಿದ್ದು ಅಪ್ಪ ತೀರಿಕೊಂಡ ವಾರ, ಅವರ ಅಂಗಿಗಳ ಪೆಟ್ಟಿಗೆಯಲ್ಲಿ. ಅದೇ ವಾರ ನೀನು ನನ್ನನ್ನು ಒಂದು ಮಾತೂ ಕೇಳದೆ ಅಪ್ಪನ ಅಂಪ್ಲಿಫೈಯರು, ಹಾರ್ನು ಎಲ್ಲ ಗುಜರಿಗೆ ಹಾಕಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಇವನಿಗೆ ಇದನ್ನು ತೋರಿಸಿದರೆ ಇದನ್ನೂ ಗುಜರಿಗೆ ಹಾಕುತ್ತಾನೆ ಎಂದು ಅಡಗಿಸಿಟ್ಟೆ. ನಾಳೆ ಹೇಳುವ, ನಾಡಿದ್ದು ಹೇಳುವ ಎಂದು ಎಂಟು ವರ್ಷ ಆಯಿತು. ಪಕ್ಕದ ಮನೆಯವರು ಗಲ್ಫಿನಿಂದ ತಂದು ಮೂಲೆಗೆ ಎಸೆದಿದ್ದ ವಾಕ್‌ಮನ್ ಕೇಳಿ ತಂದು, ನಾನೊಬ್ಬಳೇ ಕೇಳುತ್ತಾ ಇದ್ದೆ. ಮಾಡಿದ್ದು ತಪ್ಪು. ತಪ್ಪು ಎಂದು ಬರೆದಿದ್ದೇನೆ, ಇನ್ನು ಪುನಃ ಪುನಃ ಬರೆಸಬೇಡ.

ಆ ವಾಕ್‌ಮನ್ನಿನ ಬೆಲ್ಟು ಹೋದ ತಿಂಗಳು ಕರಗಿ ಅಂಟಾಯಿತು. ಕ್ಯಾಸೆಟ್ಟಿಗೂ ಬೂಸ್ಟು ಹಿಡಿಯಲು ಶುರುವಾಗಿದೆ. ಅಪ್ಪನ ಅಂಗಡಿಯಲ್ಲಿದ್ದ ಮುದ್ದಣ್ಣ ಈಗ ಉಪ್ಪಳದಲ್ಲಿ ಹಳೆಯ ಕ್ಯಾಸೆಟ್ ಎಲ್ಲ ಕಂಪ್ಯೂಟರಿಗೆ ಹಾಕಿ ಕೊಡುತ್ತಾನಂತೆ. ಬೇಗ ಹಾಕಿಸಿ ನನಗೆ ಒಂದು ಪ್ರತಿ ಕಳಿಸು. ಈ ಕಿವಿ ಮುಚ್ಚುವ ಮೊದಲು ನಾನು ಅವಳನ್ನು ಇನ್ನಷ್ಟು ಸಲ ಕೇಳಬೇಕು. ಮೊದಲ ಬದಿಯ ಕೊನೆಯಲ್ಲಿ, ಹಾಡು ಮುಗಿದ ಮೇಲೆ, ಅಮ್ಮ ಒಂದು ಮಾತು ಆಡುತ್ತಾಳೆ. ಎಂತ ಮಾತು ಎಂದು ನಾನು ಹೇಳುವುದಿಲ್ಲ. ನೀನೇ ಕೇಳು.

ಸಿಟ್ಟು ಬಂದರೆ ಬರಲಿ, ಉತ್ತರ ಬರಲಿ ಎನ್ನುವ
ಅಕ್ಕ ದಮಯಂತಿ


ಚೆರ್ವತ್ತೂರು
24 ಆಗಸ್ಟ್ 2024

ಅಕ್ಕಾ,

ನಾಲ್ಕು ಕಾಗದ ಬರೆದು ಹರಿದೆ. ಇದು ಐದನೆಯದ್ದು.

ಎಂಟು ವರ್ಷ! ಅಮ್ಮ ಹೇಗಿದ್ದಳು ಎಂದು ಸಣ್ಣಂದಿನಿಂದ ನಿನ್ನ ಹಿಂದೆ ಬಿದ್ದು ಕೇಳಿದವನು ನಾನು. ಅವಳ ಒಂದು ಫೋಟೋ ಉಂಟು, ಅದೂ ಯಾರದ್ದೋ ಮದುವೆಯಲ್ಲಿ ಅರ್ಧ ಮುಖದ್ದು. ಸ್ವರ ಹೇಗಿತ್ತು ಅಕ್ಕಾ ಎಂದು ಕೇಳಿದಾಗೆಲ್ಲ "ನಿನ್ನ ಹಾಗೆ ಕಾಗೆಯದ್ದಲ್ಲ" ಎಂದು ನಗೆಯಾಡಿದೆ. ಹಾಗೆ ನಗೆಯಾಡುವಾಗ ಅದು ನಿನ್ನ ಬೀರುವಿನಲ್ಲೇ ಇತ್ತು. ಗುಜರಿಗೆ ಹಾಕಿದ್ದು ನನ್ನದೂ ತಪ್ಪೇ. ಅಂಗಡಿ ಕೋಣೆ ಖಾಲಿ ಮಾಡಿಕೊಡಬೇಕಿತ್ತು, ಬೇರೆ ದಾರಿ ಕಾಣಲಿಲ್ಲ. ಆದರೆ ಹಾರ್ನಿಗೂ ಅಮ್ಮನಿಗೂ ಸರಿ ಹೊಂದುತ್ತದಾ, ನೀನೇ ಹೇಳು.

ಸಾಕು. ಇನ್ನು ಜಗಳ ಮಾಡಿದರೆ ಕಾಗದ ಇದೂ ಹರಿಯುತ್ತದೆ.

ಕರೆಂಟ್ ಆಫೀಸಿಗೆ ಎರಡು ದಿನ ರಜೆ ಹಾಕಿ ಕ್ಯಾಸೆಟ್ಟನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ರೈಲಿನಲ್ಲಿ ಉಪ್ಪಳಕ್ಕೆ ಹೋದೆ. ಮುದ್ದಣ್ಣನ ತಲೆ ಪೂರ್ತಿ ಬೆಳ್ಳಗಾಗಿದೆ. ಅಪ್ಪನ ಹತ್ತಿರ ಕೆಲಸ ಕಲಿತವರಲ್ಲವಾ, ಲೇಬಲ್ಲಿನ ಅಕ್ಷರ ಅಪ್ಪನದ್ದೆಂದು ಕೂಡಲೇ ಗುರುತು ಹಿಡಿದರು. "ವಾಸಪ್ಪಣ್ಣ ಟೆಸ್ಟಿಂಗ್ ಕ್ಯಾಸೆಟ್ಟಿಗೆ ಹಿಂದಿನ ಕಿವಿ ಮುರಿದು ಇಡುವುದುಂಟಾ? ಇದರ ಮೇಲೆ ಯಾರೂ ಬೇರೆ ತುಂಬಿಸಬಾರದು ಎಂತ ಮುರಿದದ್ದು" ಎಂದರು. ಆ ಪ್ಲಾಸ್ಟಿಕ್ ಚೂರು ಮುರಿದಿದ್ದನ್ನು ನೀನು ನೋಡಿದ್ದೆಯಾ? ನಾನು ನೋಡಿರಲಿಲ್ಲ.

ಅವರು ಕಂಪ್ಯೂಟರಿಗೆ ಹಾಕುವ ಮೊದಲು ಕೇಳಿದರು, "ಕುಮಾರಾ, ಮೋನೋ ಮಾಡುವುದಾ, ಸ್ಟೀರಿಯೋ ಮಾಡುವುದಾ?" ಎಂತ ವ್ಯತ್ಯಾಸ ಎಂದೆ. ಸ್ಟೀರಿಯೋ ಎಂದರೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಎರಡು ದಾರಿ. ಮೋನೋ ಎಂದರೆ ಎರಡನ್ನೂ ಕೂಡಿಸಿ ಒಂದೇ ದಾರಿ ಮಾಡುವುದು. ಫೋನಿನಲ್ಲಿ ಹಿಡಿಸುವಷ್ಟು ಸಣ್ಣ ಎಂಪಿತ್ರೀ ಮಾಡಬೇಕಾದರೆ ಸ್ಟೀರಿಯೋದಲ್ಲಿ ಇರುವ ಜಾಗವನ್ನು ಎರಡಕ್ಕೆ ಹಂಚಬೇಕು, ಮೋನೋ ಆದರೆ ಅಷ್ಟೂ ಒಂದಕ್ಕೇ ಸಿಗುತ್ತದೆ, ಹಳೆಯ ಭಜನೆಗೆಲ್ಲ ಮೋನೋವೇ ಚೊಕ್ಕ ಎಂದರು.

ನಾನು ಮೋನೋ ಎಂದೆ. ಜಾಗಕ್ಕಾಗಿ ಅಲ್ಲ. ನಿನಗಾಗಿ. ನಿನಗೆ ಇರುವುದು ಒಂದು ಕಿವಿ. ಸ್ಟೀರಿಯೋ ಮಾಡಿಸಿದರೆ ಎಡಬದಿಯದ್ದು ನಿನಗೆ ಕೇಳುವುದೇ ಇಲ್ಲ. ಅಮ್ಮನದ್ದು ಒಂದು ಚೂರೂ ನಿನಗೆ ತಪ್ಪಿಹೋಗಬಾರದು ಎಂದು, ಎಲ್ಲವನ್ನೂ ಕೂಡಿಸಿ ಒಂದೇ ಕಿವಿಗೆ ಬರುವ ಹಾಗೆ ಮಾಡಿಸಿದ್ದೇನೆ. ಇಷ್ಟು ಬುದ್ಧಿ ನನಗೂ ಉಂಟು.

ಮುದ್ದಣ್ಣ ನಿನ್ನ ಪೆನ್‌ಡ್ರೈವನ್ನು ಉಪ್ಪಳದಿಂದಲೇ ರಿಜಿಸ್ಟರ್ ಮಾಡಿ ಕಳಿಸುತ್ತಾರೆ. ನನ್ನದು ಇಲ್ಲಿ ಮೇಜಿನ ಮೇಲಿದೆ. ಮೂರು ದಿನದಿಂದ ನೋಡುತ್ತಾ ಇದ್ದೇನೆ, ಹಾಕಲು ಧೈರ್ಯ ಬರುವುದಿಲ್ಲ. ನಲುವತ್ತು ವರ್ಷದ ಗಂಡಸು, ಹನ್ನೊಂದು ಕೆವಿ ಲೈನಿನ ಕೆಳಗೆ ದಿನಾ ನಿಲ್ಲುವವನು, ಒಂದು ಪೆನ್‌ಡ್ರೈವಿಗೆ ಹೆದರುತ್ತಿದ್ದೇನೆ. ನೀನು ಮೊದಲು ಕೇಳು. ಕೇಳಿ ಬರೆ.

ಕಾಯುತ್ತಾ ಕೂತ
ಕೃಷ್ಣಕುಮಾರ


ಕುಂಜತ್ತೂರು
2 ಸೆಪ್ಟೆಂಬರ್ 2024

ಕೃಷ್ಣಕುಮಾರಾ,

ನೀನು ಎಂತ ಮಾಡಿದ್ದು?

ಪೆನ್‌ಡ್ರೈವ್ ಶುಕ್ರವಾರ ಬಂತು. ಮಕ್ಕಳನ್ನೆಲ್ಲ ಮನೆಗೆ ಕಳಿಸಿ, ಅಂಗನವಾಡಿಯ ಹಾಡಿನ ಡಬ್ಬಿಗೆ ಅದನ್ನು ಚುಚ್ಚಿ, ಬಲಗಿವಿ ಅದಕ್ಕೆ ತಾಗಿಸಿ ಕೂತೆ. ಹಾರ್ಮೋನಿಯಂ ಶುರುವಾಯಿತು. ಎಂಟು ವರ್ಷ ನಾನು ಕೇಳಿದ ಕ್ಯಾಸೆಟ್ಟಿನಲ್ಲಿ ಹಾರ್ಮೋನಿಯಮ್ಮೇ ಇರಲಿಲ್ಲ. ಆಮೇಲೆ ತಾಳ, ಆಮೇಲೆ ಹೆಂಗಸರು ಒಟ್ಟಿಗೆ ಹೇಳುವುದು. ಅಮ್ಮ ಇಲ್ಲ. ಅಮ್ಮ ಹೇಳುವ ಜಾಗದಲ್ಲೆಲ್ಲ ಗಾಳಿ. ಗೋಡೆಯಾಚೆ ಯಾರೋ ಮೆಲ್ಲಗೆ ಗೊಣಗಿದ ಹಾಗೆ ಒಂದು ಸದ್ದು, ಅದೂ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾನು ಮೊದಲು ಎಂತ ಗ್ರಹಿಸಿದೆ ಗೊತ್ತುಂಟಾ? ನನ್ನ ಕಿವಿ ಹೋಯಿತು ಎಂದು. ಉಳಿದದ್ದೆಲ್ಲ ಬಿಟ್ಟು ಅಮ್ಮನ ಸ್ವರವೊಂದೇ ಸರಿಯಾಗಿ ಹೆಕ್ಕಿ ಹೋಯಿತು ಎಂದು. ಆ ಶನಿವಾರ, ಆದಿತ್ಯವಾರ ಅನ್ನವನ್ನೇ ಬೇಯಿಸಲಿಲ್ಲ. ಇವತ್ತು ಬೆಳಿಗ್ಗೆ ನಮ್ಮ ಹೆಲ್ಪರ್ ಪೂಜಾಶ್ರೀಯನ್ನು ಕೂರಿಸಿ ಕೇಳಿಸಿದೆ. ಅವಳ ಕಿವಿ ಎಂತಹದ್ದೆಂದರೆ, ರಸ್ತೆಯಲ್ಲಿ ಮೀನಿನವನ ಹಾರ್ನು ಉಪ್ಪಳ ದಾಟುವಾಗಲೇ ಕೇಳಿಸುತ್ತದೆ. "ಟೀಚರ್, ಇದರಲ್ಲಿ ಮುಂದೆ ಹೇಳುವವರು ಯಾರೂ ಇಲ್ಲ ಅಲ್ವಾ? ಬರೀ ಹಿಂದೆ ಹೇಳುವವರು ಮಾತ್ರ" ಎಂದಳು.

ಹಾಗಾದರೆ ನನ್ನ ಕಿವಿ ಸರಿ ಉಂಟು. ಸರಿ ಇಲ್ಲದ್ದು ನೀವು ಮಾಡಿದ ಕೆಲಸ. ಮುದ್ದಣ್ಣ ಬೇರೆ ಯಾವುದೋ ಊರಿನ ಭಜನೆ ಹಾಕಿ ಕೊಟ್ಟನಾ? ಅಥವಾ ಆ ಮೋನೋ ಎಂಬ ಹೆಸರಿನಲ್ಲಿ ಎಂತಾದರೂ ಉಜ್ಜಿ ತೆಗೆದಿರಾ? ನಾನು ನಿನ್ನಿಂದ ಎಂಟು ವರ್ಷ ಅಡಗಿಸಿದ್ದಕ್ಕೆ ನೀನು ಹೀಗೆ ಸೇಡು ತೀರಿಸಿಕೊಳ್ಳುವವನಲ್ಲ ಎಂದು ಗೊತ್ತಿದೆ. ಗೊತ್ತಿದ್ದೂ ಮನಸ್ಸು ಅಲ್ಲಿಗೇ ಹೋಗುತ್ತದೆ. ಅದನ್ನು ತಡೆಯಲು ನನ್ನಿಂದ ಆಗುತ್ತಿಲ್ಲ.

ಕ್ಯಾಸೆಟ್ ಎಲ್ಲಿ? ಸರಿ ಉಂಟಾ? ಕೂಡಲೇ ಬರೆ.

ದಮಯಂತಿ


ಚೆರ್ವತ್ತೂರು
9 ಸೆಪ್ಟೆಂಬರ್ 2024

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ನನ್ನ ಪೆನ್‌ಡ್ರೈವ್ ಹಾಕಿ ಕೇಳಿದೆ. ನಂಬಲಿಲ್ಲ. ಎರಡನೇ ದಿನ ಕ್ಯಾಸೆಟ್ ಹಿಡಿದುಕೊಂಡು ಪುನಃ ಉಪ್ಪಳಕ್ಕೆ ಓಡಿದೆ. ಮುದ್ದಣ್ಣ ಕ್ಯಾಸೆಟ್ ಬದಲಾಯಿಸಿಲ್ಲ. ಕಂಪ್ಯೂಟರಿನಲ್ಲಿದ್ದ ದೊಡ್ಡ ಫೈಲನ್ನು ಸಣ್ಣದು ಮಾಡಿದ ಮೇಲೆ ಅಳಿಸಿದ್ದಾರೆ, ಅದು ಅವರ ಕ್ರಮವಂತೆ. ರೆಕಾರ್ಡ್ ಆಗುವಾಗ ಸ್ವರದ ಮೀಟರಿನ ಮುಳ್ಳು ಕುಣಿಯುವುದನ್ನು ನೋಡಿದ್ದು ಬಿಟ್ಟರೆ ಅವರು ಕಿವಿಗೆ ಹಾಕಿ ಕೇಳಿಲ್ಲ. ಆಗ ಬೇರೆ ಗಿರಾಕಿಗಳಿದ್ದರು.

ಮತ್ತೆ ಕ್ಯಾಸೆಟ್ಟನ್ನೇ ಹಾಕಿಸಿದೆ. ಅಂಗಡಿಯಲ್ಲಿ ಒಂದು ಸ್ಪೀಕರಿನ ಸಣ್ಣ ಟೇಪ್ ರೆಕಾರ್ಡರ್ ಉಂಟು, ಅದರಲ್ಲಿ. ಬೂಸ್ಟು ಹಿಡಿದ ರೀಲು, ಇನ್ನೆರಡು ಸಲ ಓಡಿಸಿದರೆ ತುಂಡಾದೀತು ಎಂದು ಮುದ್ದಣ್ಣ ಹೆದರಿಸಿದರು. ಆದರೂ ಓಡಿಸಿದೆವು. ಹಾರ್ಮೋನಿಯಂ, ತಾಳ, ಹೆಂಗಸರು. ಅಷ್ಟೆ. ಅಮ್ಮ ಮೂಲದಲ್ಲೇ ಇಲ್ಲ ಅಕ್ಕಾ.

ಇನ್ನು ನಾನು ಬರೆಯುವುದು ನಿನಗೆ ನೋವಾಗುತ್ತದೆ. ಬರೆಯದೆ ಇರಲು ನನ್ನಿಂದ ಆಗುವುದಿಲ್ಲ.

ಆ ಭಜನೆಗೆ ನೀನು ಹೋಗಿದ್ದೆ. ಒಂಬತ್ತು ವರ್ಷದವಳು. ಅಮ್ಮ ಮುಂದೆ ಕೂತು ಹೇಳಿದ್ದು ನಿನಗೆ ನೆನಪುಂಟು. ಕ್ಯಾಸೆಟ್ಟಿನಲ್ಲಿ ಉಳಿದವರ ಸ್ವರ ಕೇಳುವಾಗ ಅಮ್ಮನದ್ದನ್ನು ನೀನೇ ಮನಸ್ಸಿನಲ್ಲಿ ತುಂಬಿಸಿಕೊಂಡಿರಬಹುದು. ನಮ್ಮ ಸೆಕ್ಷನಿನ ಒಬ್ಬರ ತಾಯಿಗೆ ಕಿವಿ ಹೋಗುತ್ತಾ ಬಂದ ಹಾಗೆ ಇಲ್ಲದ ಹಾಡು ಕೇಳಲು ಶುರುವಾಯಿತಂತೆ. ಅದು ಹುಚ್ಚಲ್ಲ, ಕಿವಿಯದ್ದೇ ಒಂದು ಖಾಯಿಲೆಯಂತೆ. ಡಾಕ್ಟ್ರಲ್ಲಿ ಇದನ್ನೂ ಒಮ್ಮೆ ಹೇಳು. ಬೇಕಾದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ನನಗೆ ಸಿಟ್ಟಿಲ್ಲ ಎಂದರೆ ಸುಳ್ಳು. ಇಪ್ಪತ್ತು ದಿನ ನನಗೆ ಒಬ್ಬಳು ಅಮ್ಮ ಇದ್ದಳು. ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ನೀನು ಕೊಟ್ಟದ್ದು ಅದು, ಈಗ ಹೋಯಿತು. ಅವಳು ಆಡಿದ ಮಾತು ಎಂದು ಒಂದನ್ನು ಬೇರೆ ಕಾದಿರಿಸಿದ್ದೆಯಲ್ಲ, ಅದನ್ನು ನನಗೆ ಹೇಳಬೇಡ. ನೀನು ಕಟ್ಟಿದ ಮಾತು ನನಗೆ ಬೇಡ.

ಕೃಷ್ಣಕುಮಾರ


ಕುಂಜತ್ತೂರು
3 ಅಕ್ಟೋಬರ್ 2024

ಕೃಷ್ಣಕುಮಾರನಿಗೆ,

ನನ್ನ ಕ್ಯಾಸೆಟ್ಟನ್ನು ಹಿಂದೆ ಕಳಿಸು. ಅದರಲ್ಲಿ ಯಾರೂ ಇಲ್ಲ ಎಂದ ಮೇಲೆ ನಿನಗೆ ಅದು ಎಂತಕ್ಕೆ?

ಡಾಕ್ಟ್ರಲ್ಲಿ ಕೇಳಿದೆ. ನನಗೆ ಅಂತಹ ಖಾಯಿಲೆ ಇಲ್ಲವಂತೆ. ಆದರೆ ನೀನು ಬರೆದ ಮೇಲೆ ನಾನೇ ಈಗ ಹಿಂದಿನದ್ದನ್ನೆಲ್ಲ ನಂಬುವುದಿಲ್ಲ. ಅಮ್ಮನ ಸ್ವರ ನೆನಪು ಮಾಡಲು ಹೋದರೆ ಆ ಹಾರ್ಮೋನಿಯಂ ಬರುತ್ತದೆ. ಅಷ್ಟು ಮಾಡಿಟ್ಟೆ ನೀನು.

ದಮಯಂತಿ


ಚೆರ್ವತ್ತೂರು
15 ಅಕ್ಟೋಬರ್ 2024

ಅಕ್ಕಾ,

ಕ್ಯಾಸೆಟ್ ಕಳಿಸುವುದಿಲ್ಲ. ಬೈಯಬೇಡ, ಪೂರ್ತಿ ಓದು.

ಹೋದ ಕಾಗದದಲ್ಲಿ ಬರೆದದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಅಂಚೆಗೆ ಹಾಕಿದ ಮರುದಿನವೇ ಆಯಿತು, ಬರೆಯಲು ಮುಖ ಇರಲಿಲ್ಲ. ಒಂದು ತಿಂಗಳಿಂದ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬೈಕಿನಲ್ಲಿ ಹೋಗುವಾಗ, ಕಂಬದ ಕೆಳಗೆ ನಿಂತಿರುವಾಗ, ಊಟಕ್ಕೆ ಕೂತಾಗ, ಆ ಹೆಂಗಸರ ಸ್ವರ ತಲೆಯಲ್ಲಿ ತಿರುಗುತ್ತದೆ. ಒಂದು ಸಂಗತಿ ನನ್ನನ್ನು ಬಿಡುವುದಿಲ್ಲ.

ಭಜನೆ ಎಂದರೆ ಒಬ್ಬರು ಹೇಳುವುದು, ಉಳಿದವರು ತಿರುಗಿ ಹೇಳುವುದು. ನಾವೂ ಕೂತವರಲ್ಲವಾ ಮಂದಿರದಲ್ಲಿ. ಈ ಫೈಲಿನಲ್ಲಿ ಹೆಂಗಸರು ಸರಿಯಾಗಿ ಒಂದು ಸಾಲಿನಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಎಲ್ಲರೂ ಒಂದೇ ಸಲ ಎತ್ತಿಕೊಳ್ಳುತ್ತಾರೆ. ಒಬ್ಬಳೂ ತಪ್ಪುವುದಿಲ್ಲ. ಯಾರೂ ಹೇಳಿಕೊಡದೆ ಹದಿನೈದು ಹೆಂಗಸರು ಹಾಗೆ ಎತ್ತಿಕೊಳ್ಳಲು ಸಾಧ್ಯವೇ ಇಲ್ಲ. ಅವರು ಯಾರಿಗೋ ಉತ್ತರ ಕೊಡುತ್ತಿದ್ದಾರೆ. ಆ ಯಾರೋ ಅಲ್ಲಿ ಕೂತಿದ್ದಾರೆ. ರೀಲು ಹಾಳಾಗಿದ್ದರೆ ಎಲ್ಲರ ಸ್ವರವೂ ಹಾಳಾಗಬೇಕಿತ್ತು. ಒಬ್ಬರದ್ದೇ ಹೋಗುವುದು ಹೇಗೆ?

ಈಗ ನಾನು ಕೇಳುವುದಕ್ಕೆ ನಿಂತ ಕಾಲಲ್ಲಿ ಉತ್ತರ ಬರೆ. ವಾಕ್‌ಮನ್ನಿನಲ್ಲಿ ನೀನು ಕೇಳುತ್ತಿದ್ದದ್ದು ಹೇಗೆ? ಎರಡೂ ಕಿವಿಗೆ ವಯರು ಹಾಕುತ್ತಿದ್ದೆಯಾ, ಒಂದಕ್ಕೆ ಮಾತ್ರವಾ? ಯಾವುದಕ್ಕೆ? ಹಾರ್ಮೋನಿಯಂ ಒಮ್ಮೆಯೂ ಕೇಳಲಿಲ್ಲ ಎಂದು ಬರೆದಿದ್ದೆಯಲ್ಲ, ಅದು ಖಂಡಿತವಾ?

ನಿನ್ನನ್ನು ನಂಬದೆ ಹೋದ
ತಮ್ಮ


ಕುಂಜತ್ತೂರು
21 ಅಕ್ಟೋಬರ್ 2024

ಕೃಷ್ಣಕುಮಾರಾ,

ಪೋಲೀಸರ ಹಾಗೆ ಪ್ರಶ್ನೆ ಕೇಳಿದ್ದೀಯ, ಹಾಗೆಯೇ ಉತ್ತರ ತೆಗೆದುಕೋ.

ಒಂದು ಕಿವಿಗೆ ಮಾತ್ರ. ಬಲಗಿವಿಗೆ. ಸತ್ತ ಕಿವಿಗೆ ವಯರು ಹಾಕಿ ಎಂತ ಮಾಡಲಿ, ಲೋಲಾಕು ಎಂದು ತೋರಿಸುವುದಾ? ಆ ಕಡೆಯದ್ದು ಕುತ್ತಿಗೆಗೆ ಜೋತುಬಿದ್ದು ಸಿಕ್ಕಾಗುತ್ತದೆಂದು ಕತ್ತರಿಯಲ್ಲಿ ಕತ್ತರಿಸಿಯೇ ಬಿಟ್ಟಿದ್ದೆ.

ಹಾರ್ಮೋನಿಯಂ ಇರಲಿಲ್ಲ. ಖಂಡಿತ. ನೂರು ಸಲವಲ್ಲ, ಇನ್ನೂರು ಸಲ ಕೇಳಿದ್ದೇನೆ. ಅಮ್ಮ, ಹೆಂಗಸರು, ತಾಳ. ಮತ್ತೆ ಕೊನೆಗೆ ಒಂದು ಮಗು ಅಳುವುದು. ಆ ಮಗುವಿನ ಬಗ್ಗೆ ನಿನಗೆ ಬರೆದಿರಲಿಲ್ಲ, ನೀನೇ ಕೇಳಲಿ ಎಂದು.

ಈ ಪ್ರಶ್ನೆಗಳೆಲ್ಲ ಎಂತಕ್ಕೆ ಎಂದು ನೀನು ಬರೆಯಲಿಲ್ಲ. ಸುಮ್ಮನೆ ನನಗೆ ಆಸೆ ಹುಟ್ಟಿಸಿ ಪುನಃ ಇಲ್ಲ ಎನ್ನುವುದಾದರೆ ಈಗಲೇ ನಿಲ್ಲಿಸು. ಹೊಸದಾಗಿ ಕಿವಿಗೆ ಯಂತ್ರ ಕೊಟ್ಟಿದ್ದಾರೆ. ಅದರಲ್ಲಿ ಫ್ಯಾನಿನ ಸದ್ದು ರೈಲಿನ ಹಾಗೆ ಕೇಳುತ್ತದೆ, ಮನುಷ್ಯರ ಮಾತು ಫ್ಯಾನಿನ ಹಾಗೆ. ದೀಪಾವಳಿಗೆ ಬರುವುದಿಲ್ಲವೆಂದು ಗೊತ್ತು. ಬಾ ಎಂದು ಕರೆಯುವುದೂ ಇಲ್ಲ.

ದಮಯಂತಿ


ಚೆರ್ವತ್ತೂರು
3 ನವೆಂಬರ್ 2024

ಅಕ್ಕಾ, ನನ್ನ ಅಕ್ಕಾ,

ಇದ್ದಾಳೆ. ಅಮ್ಮ ಇದ್ದಾಳೆ. ನಾನು ಕೇಳಿದೆ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿನಗೆ ನಾನು ಪುನಃ ಏನೋ ಬೊಗಳೆ ಬಿಡುತ್ತಿದ್ದೇನೆ ಎಂದಾಗುತ್ತದೆ. ನಿನ್ನ ಕಾಗದ ಹಿಡಿದುಕೊಂಡು ಹೋದ ಆದಿತ್ಯವಾರ ಮುದ್ದಣ್ಣನಲ್ಲಿಗೆ ಹೋದೆ. "ಅಕ್ಕ ಕೇಳಿದ್ದು ಬಲಗಿವಿಯಲ್ಲಿ ಮಾತ್ರ, ಹಾರ್ಮೋನಿಯಂ ಇರಲಿಲ್ಲವಂತೆ" ಎಂದೆ. ಮುದ್ದಣ್ಣ ಕೈಯಲ್ಲಿದ್ದ ಮೈಕನ್ನು ಕೆಳಗಿಟ್ಟರು. "ಹೌದಲ್ಲ ಮಾರಾಯ! ಹಾರ್ಮೋನಿಯಮ್ಮಿನ ಮೈಕು ಎಡಕ್ಕೆ, ಹೆಂಗಸರದ್ದು ಬಲಕ್ಕೆ. ನಾನೇ ಅಲ್ಲಿ ವಯರು ಎಳೆದದ್ದು. ನಿಮ್ಮ ಅಮ್ಮ ಪ್ರೇಮಕ್ಕನ ಮೈಕನ್ನು ವಾಸಪ್ಪಣ್ಣ ಎರಡೂ ಕಡೆಗೆ ಕೊಟ್ಟಿದ್ದರು, ಮುಂದೆ ಹೇಳುವವರು ನಡುವಿಗೆ ಬರಬೇಕೆಂತ" ಎಂದರು. ಹಾಗಾದರೆ ಎರಡೂ ಕಡೆ ಇರುವವಳು ಕೂಡಿಸಿದಾಗ ಎರಡರಷ್ಟು ಜೋರಾಗಿ ಕೇಳಬೇಕಿತ್ತು. ಕೂಡಿಸಿದಾಗಲೇ ಅವಳು ಇಲ್ಲವಾಗುವುದು ಹೇಗೆ?

ಆಮೇಲೆ ಮುದ್ದಣ್ಣ ಎದ್ದು ಹೋಗಿ ಅಟ್ಟದಿಂದ ಒಂದು ಸಾಮಾನು ಇಳಿಸಿದರು. ಅಪ್ಪನ ಟೂ-ಇನ್-ವನ್! ನಾನು ಗುಜರಿಗೆ ಹಾಕಿದ ರಾಶಿಯಿಂದ ಅವರು ಅಂದೇ ಎತ್ತಿಕೊಂಡು ಬಂದಿದ್ದರಂತೆ, ಎಂಟು ವರ್ಷ ನನಗೆ ಹೇಳಿರಲಿಲ್ಲ. ಎಲ್ಲರೂ ಎಂಟು ವರ್ಷ ಅಡಗಿಸುವವರೇ ಸಿಕ್ಕಿದ್ದು ನನಗೆ. "ಇದರ ಹೆಡ್ ಸವೆದುಹೋಗಿ ಆ ವರ್ಷ ವಾಸಪ್ಪಣ್ಣನೇ ಹೊಸದು ಹಾಕಿದ್ದು" ಎಂದರು. ಹೆಡ್ ಎಂದರೆ ರೀಲು ತಾಗಿಕೊಂಡು ಓಡುವ ಸಣ್ಣ ಲೋಹದ ತುಂಡು. ರೆಕಾರ್ಡ್ ಮಾಡುವುದೂ ಅದೇ, ಹಾಡಿಸುವುದೂ ಅದೇ. ಸ್ಕ್ರೂ ಬಿಚ್ಚಿ ಟಾರ್ಚ್ ಹಿಡಿದೆ. ಎಡಬದಿಗೆ ಎರಡು ವಯರು, ಬಲಬದಿಗೆ ಎರಡು. ಅಪ್ಪ ಬೆಸುಗೆ ಹಾಕುವಾಗ ಬಲಬದಿಯ ಎರಡನ್ನು ಅದಲುಬದಲು ಮಾಡಿದ್ದರು.

ಕರೆಂಟಿನ ಕೆಲಸದವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಿನಗೆ ಹೀಗೆ ಹೇಳುತ್ತೇನೆ. ಒಂದು ಬಾಗಿಲನ್ನು ಒಳಗಿನಿಂದ ಒಬ್ಬ, ಹೊರಗಿನಿಂದ ಒಬ್ಬ, ಒಂದೇ ಬಲದಲ್ಲಿ ದೂಡಿದರೆ ಬಾಗಿಲು ಅಲುಗಾಡುವುದಿಲ್ಲ. ಅಮ್ಮನ ಸ್ವರ ಎಡಬದಿಯಲ್ಲಿ ಮುಂದಕ್ಕೆ ದೂಡುವಾಗ ಬಲಬದಿಯಲ್ಲಿ ಅಷ್ಟೇ ಹಿಂದಕ್ಕೆ ದೂಡುತ್ತದೆ. ಬೇರೆ ಬೇರೆ ಕೇಳಿದರೆ ಎರಡರಲ್ಲೂ ಇದ್ದಾಳೆ. ಕೂಡಿಸಿದ ಕ್ಷಣ ಸೊನ್ನೆ. ಒಂದೇ ಸ್ಪೀಕರಿನ ಆ ಸಣ್ಣ ಟೇಪ್ ರೆಕಾರ್ಡರೂ ಎರಡನ್ನು ಕೂಡಿಸಿಯೇ ಹಾಡಿಸುವುದು. ಹಾರ್ಮೋನಿಯಂ ಒಂದೇ ಬದಿಯದ್ದು, ಹೆಂಗಸರು ಒಂದೇ ಬದಿಯವರು, ಅವರನ್ನು ಎದುರಿನಿಂದ ದೂಡುವವರಿಲ್ಲ, ಅವರೆಲ್ಲ ಉಳಿದರು. ಎರಡೂ ಕಡೆ ಇದ್ದವಳೇ ಹೋದಳು. ಅಪ್ಪನ ಸೆಟ್ಟಿನಲ್ಲಿ ಹಾಕಿದರೆ ತಿರುಗಿದ್ದು ಪುನಃ ತಿರುಗಿ ಸರಿಯಾಗುತ್ತಿತ್ತು. ಅದಕ್ಕೇ ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನಿನಗೆ ಒಂದು ಚೂರೂ ತಪ್ಪಬಾರದೆಂದು ಮೋನೋ ಮಾಡಿಸಿದವನು ನಾನು. ಆ ಒಂದು ಮಾತಿಗೆ ಅಮ್ಮ ಅಳಿಸಿಹೋದಳು. ಮೇಲಿಂದ ನಿನಗೇ ಖಾಯಿಲೆ ಎಂದು ಬರೆದೆ. ಅಕ್ಕಾ, ತಪ್ಪಾಯಿತು. ನೀನು ಒಂದೇ ಸಲ ಬರೆದೆ, ನಾನು ಎಷ್ಟು ಸಲ ಬೇಕಾದರೂ ಬರೆಯುತ್ತೇನೆ.

ರೀಲನ್ನು ಇನ್ನೊಮ್ಮೆ ಓಡಿಸಲೇಬೇಕಿತ್ತು. ಮುದ್ದಣ್ಣ ಹತ್ತಿಗೆ ಸ್ಪಿರಿಟ್ ಹಾಕಿ ಬೂಸ್ಟು ಒರೆಸಿದರು. ಈ ಸಲ ಸ್ಟೀರಿಯೋ. ಅರ್ಧ ಗಂಟೆ ಇಬ್ಬರೂ ಚಕ್ರ ತಿರುಗುವುದನ್ನೇ ನೋಡಿದೆವು, ತುಂಡಾಗಲಿಲ್ಲ. ಆಮೇಲೆ ನಾನು ಹೆಡ್‌ಫೋನ್ ತೆಗೆದುಕೊಂಡು ಎಡಗಿವಿಯದ್ದನ್ನು ಸರಿಸಿ, ಬೆರಳಿನಿಂದ ಆ ಕಿವಿ ಮುಚ್ಚಿ, ನಿನ್ನ ಹಾಗೆ ಬಲಗಿವಿ ಒಂದರಲ್ಲೇ ಕೇಳಿದೆ.

ಸ್ವರ ಸ್ವಲ್ಪ ದಪ್ಪ, ಅಲ್ಲವಾ? ನಾನು ಸಪೂರ ಎಂದು ಗ್ರಹಿಸಿದ್ದೆ. ಮೇಲೆ ಹೋಗುವಾಗ ಒಂದು ಕಡೆ ಒಡೆಯುತ್ತದೆ, ಒಡೆದರೂ ನಿಲ್ಲಿಸುವುದಿಲ್ಲ. ನನಗೆ ಅಳು ಬಂತು ಎಂದು ಬರೆದರೆ ಸಾಲದು, ಅಂಗಡಿಯಲ್ಲಿ ಗಿರಾಕಿಗಳೆಲ್ಲ ನಿಂತಿರುವಾಗಲೇ ದೊಡ್ಡ ಸ್ವರದಲ್ಲಿ ಅತ್ತೆ. ಹೆಡ್‌ಫೋನ್ ಹಾಕಿದವನಿಗೆ ತನ್ನ ಸ್ವರ ಗೊತ್ತಾಗುವುದಿಲ್ಲವಲ್ಲ.

ಕೊನೆಗೆ ಆ ಮಗು ಅಳುತ್ತದೆ. ಅಮ್ಮ ಹಾಡು ಮುಗಿಸಿ ಮೈಕಿನಿಂದ ಸ್ವಲ್ಪ ಆಚೆ ತಿರುಗಿ ಹೇಳುತ್ತಾಳೆ. ಹೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು: "ದಮಯಂತೀ, ಇವನನ್ನು ಸ್ವಲ್ಪ ಹೊತ್ತು ಎತ್ತಿಕೋ ಮಗಾ. ನಾನು ಈಗ ಬಂದೆ."

ಇದೇ ಅಲ್ಲವಾ ಆ ಮಾತು? ನೀನು ಕಟ್ಟಿದ್ದಲ್ಲ.

ಪೆನ್‌ಡ್ರೈವ್ ಇದರ ಜೊತೆಗೆ ಉಂಟು. ಇದರಲ್ಲಿ ಎರಡನ್ನು ಕೂಡಿಸಿಲ್ಲ. ಎಡಬದಿಯನ್ನು ಪೂರ್ತಿ ಬಿಟ್ಟು ಬಲಬದಿ ಒಂದನ್ನೇ ಮೋನೋ ಮಾಡಿಸಿದ್ದೇನೆ. ಅಂಗನವಾಡಿಯ ಡಬ್ಬಿಯಲ್ಲೂ ಕೇಳುತ್ತದೆ. ಹಾರ್ಮೋನಿಯಂ ಇಲ್ಲ, ಹೆದರಬೇಡ. ಎಡಬದಿಯದ್ದು ನನ್ನ ಹತ್ತಿರ ಬೇರೆ ಉಂಟು. ಅದರಲ್ಲಿ ಅಪ್ಪನ ಕೆಮ್ಮು ಎರಡು ಸಲ ಬರುತ್ತದೆ. ಅದನ್ನು ನೀನು ಕೇಳಿಯೇ ಇಲ್ಲ, ಬೇಕಾದರೆ ಹೇಳು.

ನೀನು ಎತ್ತಿಕೊಂಡ
ಕುಮಾರ


ಕುಂಜತ್ತೂರು
10 ನವೆಂಬರ್ 2024

ಕುಮಾರಾ,

ಬಂತು. ಕೇಳಿದೆ. ಯಂತ್ರ ತೆಗೆದಿಟ್ಟು, ಡಬ್ಬಿಯನ್ನು ಕಿವಿಗೆ ಒತ್ತಿ ಹಿಡಿದು ಕೇಳಿದೆ. ಮೊದಲಿನಷ್ಟು ಕೇಳುವುದಿಲ್ಲ, ಮೇಲಿನ ಸ್ವರ ಒಡೆಯುವುದು ಈಗ ನನಗೆ ಸಿಗುವುದಿಲ್ಲ. ಇದ್ದಾಳೆ, ಅಷ್ಟು ಗೊತ್ತಾಗುತ್ತದೆ. ಎರಡು ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಪೂಜಾಶ್ರೀಗೂ ಕೇಳಿಸಿದೆ. "ಟೀಚರ್, ಈಗ ಮುಂದೆ ಹೇಳುವವರು ಬಂದಿದ್ದಾರೆ" ಎಂದಳು. ಅವಳ ಬಾಯಿಗೆ ಸಕ್ಕರೆ ಹಾಕಿದೆ.

ಮಾತು ಅದೇ. ನೀನು ತಿದ್ದಲು ಹೇಳಿದ್ದರಿಂದ ಒಂದು ತಿದ್ದುತ್ತೇನೆ. ಅಮ್ಮ ಹೇಳುವುದು "ಎತ್ತಿಕೋ" ಎಂದಲ್ಲ, "ಹಿಡಿದುಕೋ" ಎಂದು. ಎತ್ತುವಷ್ಟು ನನಗೆ ಬಲ ಎಲ್ಲಿತ್ತು, ನೀನು ಆಗಲೇ ಗುಂಡುಕಲ್ಲಿನ ಹಾಗಿದ್ದೆ. ನಾನು ನಿನ್ನನ್ನು ಮಡಿಲಲ್ಲಿ ಅವುಚಿ ಹಿಡಿದು, ಅವಳು ಯಾವಾಗ ಬರುತ್ತಾಳೆ ಎಂದು ಆ ಕಡೆಯೇ ನೋಡುತ್ತಾ ಕೂತಿದ್ದೆ. ಆ ಸಂಜೆ ಬಂದಳು. ಐದು ತಿಂಗಳಾದ ಮೇಲೆ ಆಸ್ಪತ್ರೆಗೆ ಹೊರಡುವಾಗಲೂ ಇದೇ ಮಾತು ಹೇಳಿ ಹೋದಳು, ನೀನು ಆಗಲೂ ನನ್ನ ಮಡಿಲಲ್ಲೇ ಇದ್ದೆ. ಇದನ್ನು ನಾನು ಯಾರಿಗೂ ಹೇಳಿಲ್ಲ, ಅಪ್ಪನಿಗೂ.

ಸ್ವಲ್ಪ ಹೊತ್ತು ಎಂದದ್ದು ಮಾರಾಯ ಅವಳು. ನಲುವತ್ತು ವರ್ಷ ಆಯಿತು, ನನ್ನ ಕೈ ಸೋತಿದೆ.

ಆದಿತ್ಯವಾರ ಬಾ. ಅಪ್ಪನ ಕೆಮ್ಮನ್ನೂ ತಾ. ನನಗೆ ಕೇಳದಿದ್ದರೆ ನೀನು ಕೇಳಿ, ಎಲ್ಲಿ ಕೆಮ್ಮಿದರು ಎಂದು ನನ್ನ ಕೈ ಮುಟ್ಟಿ ಹೇಳು.

ಅಕ್ಕ